ರಸ್ತೆ ಯಾರಪ್ಪನ ಆಸ್ತಿ?

"ಏನ್ರೀ, ರಸ್ತೆ ನಿಮ್ಮಪ್ಪಂದಾ?"

ನಮ್ಮ ರಸ್ತೆಗಳಲ್ಲಿ ದಿನಕ್ಕೆ ಎಷ್ಟು ಬಾರಿ ಈ ಪ್ರಶ್ನೆ ಕೇಳಿಬರುತ್ತದೆಯೋ ಲೆಕ್ಕವಿಟ್ಟವರಿಲ್ಲ. ಕೇಳುವಾತನಿಗೆ ಉತ್ತರ ಬೇಕಿರುವುದಿಲ್ಲ. ಬೈಗುಳವಾಗಿ ಎಸೆದು ಮುಂದಕ್ಕೆ ಹೋಗಿಬಿಡುತ್ತಾನೆ. ಆದರೆ ಮೂರು ದಶಕಗಳ ಕಾಲ ಪ್ರಶ್ನೆಗಳಿಗೆ ಉತ್ತರ ಬರೆಸುವುದನ್ನೇ ಕಸುಬಾಗಿಸಿಕೊಂಡಿದ್ದ ನನ್ನಂಥವನಿಗೆ, ಇಷ್ಟು ಒಳ್ಳೆಯ ಪ್ರಶ್ನೆಯೊಂದು ಉತ್ತರವಿಲ್ಲದೆ ಬೀದಿಪಾಲಾಗುವುದು ಸಹಿಸಲಾಗದ ಸಂಗತಿ. ಆದ್ದರಿಂದ ಈ ಬರಹ. ಇದನ್ನು ಓದುವವರಲ್ಲಿ ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳು, ಉಳಿದವರು ನೆಂಟರಿಷ್ಟರು. ನಿಮ್ಮಲ್ಲಿ ಬಹುತೇಕರ ಬಳಿ ಇಂದು ಒಂದಲ್ಲ ಒಂದು ವಾಹನವಿದೆ. ಹಾಗಾಗಿ ಕೆಲವು ಮಾತುಗಳು ನೇರವಾಗಿಯೇ ತಾಗಬಹುದು. ತಾಗಲಿ ಎಂಬುದೇ ನನ್ನ ಉದ್ದೇಶ.

ಹಳ್ಳಿಯ ಜನಕ್ಕೆ ಈ ಪ್ರಶ್ನೆಯ ಉತ್ತರ ಹಿಂದೆಯೇ ಗೊತ್ತಿತ್ತು. ಗ್ರಾಮನಕ್ಷೆಯಲ್ಲಿ ಬಂಡಿದಾರಿಯನ್ನು ಗುರುತಿಸಿದ್ದರೆ ಅದು ಯಾರ ಹೊಲದ ನಡುವೆ ಹಾದುಹೋದರೂ ಆ ಹೊಲದವನದಲ್ಲ. ಅದನ್ನು ಉತ್ತು ಸೇರಿಸಿಕೊಂಡವನನ್ನು ಊರಿನವರು ಸುಮ್ಮನೆ ಬಿಡುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ಕಂಡ ಹಾಗೆ, ಇಕ್ಕಟ್ಟಿನ ದಾರಿಯಲ್ಲಿ ಎರಡು ಎತ್ತಿನ ಗಾಡಿಗಳು ಎದುರುಬದುರಾದರೆ ಬರಿಗಾಡಿಯವನು ಪಕ್ಕಕ್ಕೆ ಇಳಿಸಿ, ಹೇರು ಗಾಡಿಗೆ ದಾರಿ ಬಿಡುತ್ತಿದ್ದ. ಯಾವ ಕಾನೂನೂ ಅವನಿಗೆ ಹಾಗೆ ಹೇಳಿರಲಿಲ್ಲ. ಭಾರ ಹೊತ್ತವನಿಗೆ ಕಷ್ಟ ಹೆಚ್ಚು, ತನಗೆ ಕಡಿಮೆ ಎಂಬ ತಿಳಿವಳಿಕೆಯೇ ಅವನ ಕಾನೂನಾಗಿತ್ತು. ಎತ್ತಿನ ಗಾಡಿಯ ಕಾಲದಲ್ಲಿದ್ದ ಆ ವಿವೇಕ ನೂರು ಕುದುರೆಗಳ ಬಲದ ಇಂಜಿನ್ ಬಂದ ಮೇಲೆ ಎಲ್ಲಿಗೆ ಹೋಯಿತು?

ನಮ್ಮ ಪಿಲ್ಲಗುಂಪೆಯನ್ನೇ ತೆಗೆದುಕೊಳ್ಳಿ. ಹೊಸಕೋಟೆಯ ಮಗ್ಗುಲಿನ ಈ ಊರು ಈಗ ಕೈಗಾರಿಕಾ ಪ್ರದೇಶವೆಂದೇ ಹೆಸರುವಾಸಿ. ಒಂದು ಕಡೆ ಸರಕು ತುಂಬಿದ ಲಾರಿ, ಕಂಟೇನರುಗಳು. ಇನ್ನೊಂದು ಕಡೆ ಕಾರ್ಖಾನೆಯ ನೌಕರರನ್ನು ಹೊತ್ತ ಬಸ್ಸು, ಟೆಂಪೋಗಳು. ಇವುಗಳ ನಡುವೆ ಮಾರುಕಟ್ಟೆಗೆ ತರಕಾರಿ ಒಯ್ಯುವ ಗೂಡ್ಸ್ ಆಟೋ, ಡೇರಿಗೆ ಹಾಲು ಹಾಕಲು ಹೊರಟ ಮೊಪೆಡ್ಡು, ಶಾಲೆಗೆ ಹೊರಟ ಮಕ್ಕಳು. ಪಾಳಿ ಬಿಡುವ ಹೊತ್ತಿನಲ್ಲಿ ಊಟದ ಡಬ್ಬಿಯ ಚೀಲ ಹಿಡಿದು ರಸ್ತೆಯ ಅಂಚಿನಲ್ಲೇ ನಡೆದುಹೋಗುವ ಹೆಣ್ಣುಮಕ್ಕಳನ್ನು ನೋಡಿ. ಅವರಿಗೆ ಕಾಲುದಾರಿ ಇಲ್ಲ. ಡಾಂಬರಿನ ಅಂಚಿನಲ್ಲಿರುವ ಒಂದಡಿ ಮಣ್ಣೇ ಅವರ ಪಾಲಿನ ರಸ್ತೆ. ಆ ಒಂದಡಿಯನ್ನೂ ಕಿತ್ತುಕೊಳ್ಳುವವರು ಯಾರು ಗೊತ್ತೇ? ವಿಭಜಕದ ತೆರಪಿನವರೆಗೆ ಹೋಗಿ ತಿರುಗಿಬರಲು ಬೇಸರಪಟ್ಟು, ಅಂಚು ಹಿಡಿದು ಎದುರುದಿಕ್ಕಿನಲ್ಲಿ ನುಗ್ಗಿಬರುವ ದ್ವಿಚಕ್ರ ವೀರರು.

ನಮ್ಮ ರಸ್ತೆಗಳ ಎಲ್ಲ ಕೆಟ್ಟ ಚಾಳಿಗಳಲ್ಲಿ ಈ ಎದುರುದಿಕ್ಕಿನ ಸವಾರಿಯೇ ಅತ್ಯಂತ ಹೇಯವೆಂದು ನಾನು ಹೇಳುತ್ತೇನೆ. ಕಾರಣವಿದೆ. ರಸ್ತೆ ದಾಟುವ ಮೊದಲು ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೊಮ್ಮೆ ಬಲಕ್ಕೆ ನೋಡಿ ದಾಟು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಎಡಬದಿಯಲ್ಲಿ ವಾಹನ ಚಲಿಸುವ ದೇಶದಲ್ಲಿ, ರಸ್ತೆಯಂಚಿನಲ್ಲಿ ನಿಂತ ಮಗುವಿಗೆ ಹತ್ತಿರದ ವಾಹನ ಬರುವುದು ಬಲಗಡೆಯಿಂದ. ಅದಕ್ಕಾಗಿಯೇ ಕೊನೆಯ ನೋಟ ಬಲಕ್ಕೆ. ನಡುವೆ ವಿಭಜಕವಿರುವ ರಸ್ತೆಯಲ್ಲಂತೂ ಆ ಭಾಗಕ್ಕೆ ಎಡಗಡೆಯಿಂದ ಯಾವ ವಾಹನವೂ ಬರಕೂಡದು. ಮಗು ಪಾಠವನ್ನು ನಂಬಿ, ಬಲಕ್ಕೆ ಕಣ್ಣಿಟ್ಟು ಹೆಜ್ಜೆ ಮುಂದಿಡುತ್ತದೆ. ಆಗ ಎಡಗಡೆಯಿಂದ, ಬರಬಾರದ ದಿಕ್ಕಿನಿಂದ, ಬೈಕೊಂದು ಬರುತ್ತದೆ. ಇಲ್ಲಿ ಪೆಟ್ಟು ತಿನ್ನುವುದು ನಿಯಮ ಮರೆತ ಮಗುವಲ್ಲ, ನಿಯಮವನ್ನು ನೆನಪಿಟ್ಟುಕೊಂಡ ಮಗು. ಮೇಷ್ಟ್ರ ಮಾತು ಕೇಳಿದ್ದೇ ಅದರ ತಪ್ಪು! ಹಾಗೆ ಬಂದ ಸವಾರನೂ ಒಂದು ಕಾಲಕ್ಕೆ ಯಾವುದೋ ಶಾಲೆಯ ಬೆಂಚಿನ ಮೇಲೆ ಕುಳಿತು ಇದೇ ಪಾಠವನ್ನು ಒಪ್ಪಿಸಿದವನೇ. ತಾನು ಕಲಿತದ್ದನ್ನು ತಾನು ಬಿಟ್ಟದ್ದಲ್ಲದೆ, ಇನ್ನೊಬ್ಬರ ಮಗು ಕಲಿತದ್ದನ್ನೂ ಸುಳ್ಳು ಮಾಡುತ್ತಾನೆ. ಒಬ್ಬ ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೊಂದಿದೆಯೇ?

ಲಾಭವಾದರೂ ಎಷ್ಟು? ತೆರಪು ಒಂದು ಕಿಲೋಮೀಟರು ಮುಂದಿದೆ ಎನ್ನಿ. ಹೋಗಿ ಬರಲು ಎರಡು ಕಿಲೋಮೀಟರು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಇದಕ್ಕೆ ಹಿಡಿಯುವುದು ಮೂರು ನಿಮಿಷ. ಈಗ ನಷ್ಟದ ಲೆಕ್ಕ ಮಾಡೋಣ. ಅದೇ 40ರ ವೇಗದಲ್ಲಿ ಇಬ್ಬರು ಎದುರುಬದುರಾಗಿ ಬಂದರೆ ಅವರ ನಡುವಿನ ಅಂತರ ಸೆಕೆಂಡಿಗೆ ಸುಮಾರು 22 ಮೀಟರಿನಂತೆ ಕರಗುತ್ತದೆ. ತಿರುವಿನಲ್ಲಿ 50 ಮೀಟರು ದೂರದಲ್ಲಿ ಒಬ್ಬರನ್ನೊಬ್ಬರು ಕಂಡರೆ ಇಬ್ಬರಿಗೂ ಉಳಿಯುವುದು ಎರಡೂಕಾಲು ಸೆಕೆಂಡು. ಕಂಡು, ಅರಿತು, ಬ್ರೇಕು ಅದುಮುವಷ್ಟರಲ್ಲಿ ಅದರ ಅರ್ಧಕ್ಕೂ ಹೆಚ್ಚು ಕಾಲ ಕಳೆದಿರಬಹುದು. ತನ್ನ ಮೂರು ನಿಮಿಷ ಉಳಿಸಿಕೊಳ್ಳಲು ಪರರಿಗೆ ಬದುಕಲು ಒಂದು ಸೆಕೆಂಡನ್ನೂ ಬಿಡದವನನ್ನು ಏನೆಂದು ಕರೆಯಬೇಕು? 'ಅವಸರದ ಮನುಷ್ಯ' ಎಂದರೆ ಅದು ಬಹಳ ಮೃದುವಾದ ಮಾತಾಯಿತು.

ಕಾನೂನು ಮೃದುವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗ, ಅಪಾಯಕಾರಿ ಚಾಲನೆಯನ್ನು ಕುರಿತ 184ನೆಯ ಪ್ರಕರಣದಲ್ಲಿ ಎದುರುದಿಕ್ಕಿನ ಚಾಲನೆಯನ್ನು ಸ್ಪಷ್ಟವಾಗಿ ಹೆಸರಿಸಲಾಯಿತು. ಕೆಂಪು ದೀಪ ದಾಟುವುದು, ಚಾಲನೆ ಮಾಡುತ್ತ ಮೊಬೈಲು ಕೈಯಲ್ಲಿ ಹಿಡಿಯುವುದು ಕೂಡ ಅದೇ ಸಾಲಿನಲ್ಲಿವೆ. ಅಂದರೆ ನಾವು 'ಸಣ್ಣಪುಟ್ಟ' ಎಂದು ಕರೆಯುವ ಚಾಳಿಗಳು ಸೆರೆಮನೆಗೂ ಕಳುಹಿಸಬಲ್ಲ ಅಪರಾಧಗಳು. ಇದು ಎಷ್ಟು ಸವಾರರಿಗೆ ಗೊತ್ತು?

ಗೊತ್ತಿಲ್ಲದಿರುವುದೇ ರೋಗವಾಗಿದ್ದರೆ ಮದ್ದು ಸುಲಭವಿತ್ತು. ಪಾಠ ಹೇಳಿದರೆ ಮುಗಿಯುತ್ತಿತ್ತು. ಆದರೆ ನಮ್ಮವರಿಗೆ ನಿಯಮ ಗೊತ್ತು ಎಂಬುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಸಾಕ್ಷಿ. 2023ರಲ್ಲಿ ಅಲ್ಲಿ ಸಾವುಗಳು ಮಿತಿಮೀರಿದಾಗ ವೇಗಕ್ಕೆ 100ರ ಕಟ್ಟು ಬಿತ್ತು, ವೇಗಮಾಪಕ ಹಿಡಿದ ಪೊಲೀಸರು ನಿಂತರು, ಕ್ಯಾಮೆರಾಗಳು ಬಂದವು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧವೂ ಆಯಿತು. ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ಅದೇ ರಸ್ತೆ, ಅದೇ ಜನ. ಮೇಷ್ಟ್ರು ಬಾಗಿಲಿಗೆ ಬಂದೊಡನೆ ಗಪ್‌ಚಿಪ್ಪಾಗುವ ತರಗತಿಗೆ ಶಿಸ್ತು ಗೊತ್ತಿಲ್ಲವೆಂದು ಯಾರಾದರೂ ಹೇಳುವರೇ? ಗೊತ್ತಿದೆ, ಬೇಕಿಲ್ಲ. ಕ್ಯಾಮೆರಾ ಕಂಡಾಗ ಸಜ್ಜನ, ಕ್ಯಾಮೆರಾ ದಾಟಿದೊಡನೆ ಸ್ವೇಚ್ಛಾಚಾರಿ: ಇದೇ ನಮ್ಮ ರೋಗ.

ಸರಕಾರವೂ ಈ ರೋಗಕ್ಕೆ ತುಪ್ಪ ಸುರಿಯುತ್ತಿದೆ. ತಿದ್ದುಪಡಿಯಾದ ಕಾಯ್ದೆಯ ದಂಡಗಳು 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದವು. ತಿಂಗಳು ಮುಗಿಯುವ ಮೊದಲೇ ನಮ್ಮ ರಾಜ್ಯ ಹಲವು ದಂಡಗಳನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ, ಬಾಕಿ ದಂಡದ ಅರ್ಧ ಕಟ್ಟಿದರೆ ಸಾಕೆಂಬ ರಿಯಾಯಿತಿ ಬಂತು. 2025ರಲ್ಲಿ ಮತ್ತೆ ಅದೇ ರಿಯಾಯಿತಿ. ಆಷಾಢದ ಸೀರೆ ಮಾರಾಟದ ಹಾಗೆ ಅಪರಾಧಕ್ಕೂ ಶೇಕಡಾ ಐವತ್ತರ ಕಡಿತ! ಜನ ಸರದಿಯಲ್ಲಿ ನಿಂತು ಕಟ್ಟಿದರು. ಖಜಾನೆಗೆ ಕೋಟಿಗಟ್ಟಲೆ ಹಣ ಬಂತೆಂದು ಸಂತೋಷಪಟ್ಟದ್ದೂ ಆಯಿತು. ನಿಯಮ ಪಾಲಿಸಿ ಒಂದು ರೂಪಾಯಿಯೂ ದಂಡ ಕಟ್ಟದವನಿಗೆ ಸಿಕ್ಕ ರಿಯಾಯಿತಿ ಯಾವುದು? ಪರೀಕ್ಷೆಯಲ್ಲಿ ನಕಲು ಮಾಡಿದವನ ಶಿಕ್ಷೆಯನ್ನು ವರ್ಷಕ್ಕೊಮ್ಮೆ ಅರ್ಧಕ್ಕಿಳಿಸುವ ಶಾಲೆಯಲ್ಲಿ ಯಾವ ಮಗು ಓದೀತು?

ಇನ್ನು ನೆಪಗಳ ವಿಚಾರ. "ರಸ್ತೆಯೇ ಸರಿಯಿಲ್ಲ ಸಾರ್, ಸರ್ವೀಸ್ ರಸ್ತೆ ಇಲ್ಲ, ತೆರಪು ದೂರ" ಎನ್ನುತ್ತಾರೆ. ಒಪ್ಪುತ್ತೇನೆ. ಕಾರ್ಖಾನೆಗಳ ಮುಂದೆ ಕಾಲುದಾರಿ, ಬೀದಿದೀಪ, ದಾಟುಪಟ್ಟಿ ಇರಬೇಕಾದ್ದು ಹಕ್ಕು. ಅದಕ್ಕಾಗಿ ಪಂಚಾಯಿತಿಯನ್ನು ಕೇಳಿ, ಲೋಕೋಪಯೋಗಿ ಇಲಾಖೆಯನ್ನು ಕೇಳಿ, ಶಾಸಕರನ್ನು ಕೇಳಿ. ಅರ್ಜಿ ಬರೆಯಲು ಬಾರದಿದ್ದರೆ ನಾನು ಬರೆದುಕೊಡುತ್ತೇನೆ. ಆದರೆ ಇಲಾಖೆಯ ಮೇಲಿನ ಸಿಟ್ಟನ್ನು ನಡೆದುಹೋಗುವ ಬಡಪಾಯಿಯ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? "ಎಲ್ಲರೂ ಹಾಗೇ ಹೋಗ್ತಾರೆ" ಎಂಬುದು ಎರಡನೆಯ ನೆಪ. 'ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ' ಎಂದು ಹಿರಿಯರು ಒಬ್ಬ ಪೋರನನ್ನು ಕುರಿತು ಹೇಳಿದ್ದರು. ಈಗ ಊರಿಗೆ ಊರೇ ಪೋರನಾಗಿದೆ.

ಪಟ್ಟಣದವರನ್ನು ಬೈದು ಹಳ್ಳಿಯವರನ್ನು ಬಿಟ್ಟರೆ ಅನ್ಯಾಯವಾದೀತು. ನಸುಕಿನಲ್ಲೇ ಹೊಸಕೋಟೆಯ ಬಿರಿಯಾನಿಗೆಂದು ಬೆಂಗಳೂರಿನಿಂದ ಗುಂಪುಗುಂಪಾಗಿ ಬರುವ ಕೆಲವು ಯುವಕರು ಸೈಲೆನ್ಸರ್ ಬದಲಿಸಿದ ಬೈಕುಗಳಲ್ಲಿ ಊರಿನ ನಿದ್ದೆ ಕೆಡಿಸುತ್ತಾರೆ, ನಿಜ. ಆದರೆ ಸುಗ್ಗಿ ಬಂತೆಂದರೆ ರಾಗಿ, ಹುರುಳಿಯ ತೆನೆಯನ್ನು ರಸ್ತೆಯ ಮೇಲೆ ಹರಡಿ, ವಾಹನಗಳಿಂದ ಒಕ್ಕಣೆ ಮಾಡಿಸಿಕೊಳ್ಳುವವರು ಯಾರು? ನಾವೇ. ಆ ಹುಲ್ಲಿನ ಮೇಲೆ ಬೈಕಿನ ಚಕ್ರ ಜಾರಿದರೆ ಸವಾರನ ಗತಿಯೇನು? ಹಿಂದೆ ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರೈಲರನ್ನು ಕತ್ತಲಲ್ಲಿ ಎಳೆದೊಯ್ಯುವವರು ನಾವೇ. ಬಣ್ಣವಿಲ್ಲದ, ಫಲಕವಿಲ್ಲದ ಹಂಪುಗಳನ್ನು ರಾತ್ರೋರಾತ್ರಿ ಎಬ್ಬಿಸುವವರೂ ನಾವೇ. ಕಾರಿನವನು ರಸ್ತೆಯನ್ನು ತನ್ನ ಆಸ್ತಿಯೆಂದುಕೊಂಡರೆ ನಾವು ಅದನ್ನು ನಮ್ಮ ಕಣವೆಂದುಕೊಂಡಿದ್ದೇವೆ. ಎರಡರಲ್ಲೂ ಇರುವುದು ಒಂದೇ ದುರಾಸೆ.

ರಾತ್ರಿಯ ಮಾತು ಬಂದದ್ದರಿಂದ ದೀಪದ ವಿಚಾರವನ್ನೂ ಹೇಳಿಬಿಡುತ್ತೇನೆ. ಎದುರಿನಿಂದ ವಾಹನ ಬಂದಾಗ ಹೆಡ್‌ಲೈಟನ್ನು ಡಿಮ್ ಮಾಡಬೇಕೆಂಬುದು ನಿಯಮ. ಬೆಳಕನ್ನು ಎದುರಿನವನ ಕಣ್ಣಿಗೇ ಹಿಡಿದರೆ, ಆ ಎರಡು ಕ್ಷಣದ ಕುರುಡಿನಲ್ಲಿ ಅವನ ಮುಂದೆ ನಡೆಯುತ್ತಿರುವ ಮನುಷ್ಯ ಅವನಿಗೆ ಕಾಣುವುದೇ ಇಲ್ಲ. ಅವನ ಕಣ್ಣು ಕಟ್ಟಿದವನು ನೀನು. ಪೆಟ್ಟು ಬಿದ್ದದ್ದು ಮೂರನೆಯವನಿಗೆ. ಪೊಲೀಸರು ಹಿಡಿದದ್ದು ಎರಡನೆಯವನನ್ನು. ನೀನು ಮಾತ್ರ ಹಾಡು ಕೇಳುತ್ತ ಮನೆ ಸೇರಿರುತ್ತೀಯ. ಮೊಬೈಲಿನ ಕಥೆಯೂ ಹೀಗೆಯೇ. 60ರ ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ ವಾಹನ 33 ಮೀಟರು ಕುರುಡಾಗಿ ಓಡಿರುತ್ತದೆ. ನಮ್ಮ ಶಾಲೆಗಳ ಆಟದ ಮೈದಾನಗಳೇ ಕೆಲವು ಅಷ್ಟು ಅಗಲವಿರುವುದಿಲ್ಲ.

ಇದು ಬರೀ ಉಪದೇಶವಲ್ಲ ಎಂಬುದಕ್ಕೆ ಒಂದೇ ಒಂದು ಅಂಕಿ ಕೊಡುತ್ತೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅಂದರೆ ಗಂಟೆಗೆ ಸುಮಾರು 19. ಅವರಲ್ಲಿ ನೂರಕ್ಕೆ ಸುಮಾರು 44 ಜನ ದ್ವಿಚಕ್ರ ವಾಹನದವರು, ಸುಮಾರು 19 ಜನ ನಡೆದುಹೋಗುತ್ತಿದ್ದವರು. ನಡೆಯುವವನು ಯಾರಿಗೂ ಡಿಕ್ಕಿ ಹೊಡೆದು ಕೊಲ್ಲಲಾರ. ಸಾಯುವುದಷ್ಟೇ ಅವನ ಪಾಲು.

ನೆಂಟರಿಷ್ಟರಿಗೆ ಒಂದು ಮಾತು ವಿಶೇಷವಾಗಿ. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಬಂದರೆ ಬೈಕು ಕೊಡಿಸುತ್ತೇನೆಂದು ಹದಿನೈದರ ಹುಡುಗನಿಗೆ ಮಾತು ಕೊಡುವ ಅಪ್ಪಂದಿರಿದ್ದಾರೆ. ಗೇರಿನ ಬೈಕು ಓಡಿಸಲು ಹದಿನೆಂಟು ತುಂಬಿರಬೇಕು. ಅಪ್ರಾಪ್ತನ ಕೈಗೆ ವಾಹನ ಕೊಟ್ಟು ಅಪರಾಧವಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡದ ಜೊತೆಗೆ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ, ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ. ಕಾನೂನಿನ ಮಾತು ಹಾಗಿರಲಿ. ಮಗ ಕೇಳಿದ್ದನ್ನು ಕೊಡಿಸದಿದ್ದರೆ ಅವನು ನಾಲ್ಕು ದಿನ ಮುನಿಸಿಕೊಂಡಾನು. ಆ ನಾಲ್ಕು ದಿನ ತಡೆದುಕೊಳ್ಳುವ ಶಕ್ತಿ ಅಪ್ಪಂದಿರಿಗೆ ಇರಬೇಡವೇ? ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ಹೋಗುವ ಅಪ್ಪನ ಹಿಂದೆ ಕುಳಿತ ಮಗು, ತಲೆಗಿಂತ ಟ್ಯಾಂಕು ಅಮೂಲ್ಯವೆಂದೇ ಕಲಿಯುತ್ತದೆ. ಹಿಂಬದಿ ಸವಾರರಿಗೂ ನಮ್ಮ ರಾಜ್ಯ 2016ರಲ್ಲೇ ಹೆಲ್ಮೆಟ್ ಕಡ್ಡಾಯ ಮಾಡಿದೆ ಎಂಬುದನ್ನು ಅಮ್ಮಂದಿರಿಗೂ ನೆನಪಿಸುತ್ತೇನೆ.

ನಾನು ನಿಮ್ಮನ್ನು ಕೇಳುವುದು ದೊಡ್ಡ ತ್ಯಾಗವನ್ನಲ್ಲ. ನಾಳೆ ಬೆಳಿಗ್ಗೆ ವಾಹನ ಹೊರಗೆ ತೆಗೆದಾಗ ತೆರಪಿನವರೆಗೆ ಹೋಗಿ ತಿರುಗಿ ಬನ್ನಿ. ಎದುರಿಗೆ ಬೆಳಕು ಕಂಡರೆ ಡಿಮ್ ಮಾಡಿ. ಪಾಳಿ ಬಿಟ್ಟ ಹೊತ್ತಿನಲ್ಲಿ ಕಾರ್ಖಾನೆಯ ಗೇಟಿನ ಮುಂದೆ ವೇಗ ಇಳಿಸಿ, ದಾಟುವವರಿಗೆ ಒಂದು ಕ್ಷಣ ನಿಲ್ಲಿ. ಹಿಂದಿನವನು ಹಾರನ್ ಒತ್ತಿ ಆ ಹಳೆಯ ಪ್ರಶ್ನೆಯನ್ನೇ ಕೇಳಬಹುದು. ಕೇಳಲಿ. ಉತ್ತರ ಕೊಡುವ ಗೋಜಿಗೆ ಹೋಗಬೇಡಿ. ಡಬ್ಬಿಯ ಚೀಲ ಹಿಡಿದ ಆ ಹೆಣ್ಣುಮಗಳು ಆಚೆ ಬದಿ ತಲುಪುವವರೆಗೆ ಬ್ರೇಕಿನ ಮೇಲಿನ ಕಾಲು ತೆಗೆಯಬೇಡಿ.