ಹುಡುಗಿ ಬೂಟು ಅಟ್ಟಕ್ಕ ಏರಿಸಿದವ್ರಿಗೆ ನಾಕು ಮಾತು

ಸಂಕ್ರಾಂತಿ ಆಗಿ ಇನ್ನೂ ಹದಿನೈದು ದಿನ ಆಗಿಲ್ಲ. ಮನಿ ಮನಿಗೆ ಹೋಗಿ ಕುಸುರೆಳ್ಳು ಕೊಟ್ಟು, ಒಳ್ಳೇದು ಮಾತಾಡೋಣ ಅಂತ ಹೇಳಿ ಬಂದಾಕಿ ನಾನ. ಆದ್ರೂ ಇವತ್ತ ಸಿಹಿ ಮಾತು ಬಾಯಿಗೆ ಬರವಲ್ದು. ಅರಿಶಿಣ-ಕುಂಕುಮಕ್ಕ ಹೋದಲ್ಲೆ ಬಾಯಿ ಮುಚ್ಚಿಕೊಂಡು ಕೂತು ಬಂದೆ. ಆ ಸಂಕಟ ತಡೀಲಾರದ ಇಲ್ಲಿ ಬರೀಲಿಕ್ಕೆ ಕೂತೀನಿ. ಕಾಕು, ವೈನಿ, ಯಾರಿಗೆ ಸಿಟ್ಟು ಬಂದ್ರೂ ಫೋನ್ ಮಾಡಿ ಬೈರಿ. ಪೂರ್ತಿ ಓದಿ ಬೈರಿ, ಅಷ್ಟ.

ನಡದದ್ದು ಇಷ್ಟು. ಅಣ್ಣನ ಮಗಳು, 19ರ ಹುಡುಗಿ, ದಿನಾ ಬೆಳಿಗ್ಗೆ ಆರಕ್ಕ ಎದ್ದು ವರ್ಳಿ ಸಮುದ್ರದ ದಂಡಿಗೆ ಓಡ್ಲಿಕ್ಕೆ ಹೋಗ್ತಿದ್ಲು. ದೀಪಾವಳಿ ಆದ ಮ್ಯಾಲ ಒಂದಿನ ಯಾವನೋ ಒಬ್ಬ ಗಾಡಿ ತಗೊಂಡು ಹಿಂದ ಬಿದ್ದ. ಸಣ್ಣಗ ಗಾಡಿ ಬಿಟಗೋತ ಏನೇನೋ ಅಂದ. ಹುಡುಗಿ ಶಾಣ್ಯಾಕಿ. ಅಲ್ಲೇ ನಡೀಲಿಕ್ಕೆ ಬಂದಿದ್ದ ಇಬ್ಬರು ಹೆಂಗಸರ ಜೋಡಿ ಸೇರಿಕೊಂಡು ಮನಿಗೆ ಬಂದ್ಲು. ಬಂದು ಆದದ್ದು ಆದಂಗ ಹೇಳಿದ್ಲು. ಅದ ಆಕಿ ಮಾಡಿದ ತಪ್ಪು. ಅವತ್ತಿನಿಂದ ಆಕಿ ಬೂಟು ಅಟ್ಟದ ಮ್ಯಾಲ, ಗಣಪತಿ ಮಂಟಪದ ಸಾಮಾನಿನ ಡಬ್ಬಿ ಬಾಜೂಕ ಕೂತಾವ.

ಇನ್ನ ಇನ್ನೊಂದು ಕಥಿ ಕೇಳ್ರಿ. ಅದ ಹುಡುಗಿ ಅಣ್ಣನ ಫೋನು ಅದ ದಂಡ್ಯಾಗ ಹೋದ ವರ್ಷ ಕಳುವಾತು. ಕಟ್ಟಿ ಮ್ಯಾಲ ಇಟ್ಟು ಮೈ ಬಗ್ಗಿಸಲಿಕ್ಕೆ ಹತ್ತಿದ್ದ, ತಿರುಗಿ ನೋಡೂದ್ರಾಗ ಇಲ್ಲ. ಅವಂಗ ಮನ್ಯಾಗ ಏನಂದ್ರು? "ಹುಷಾರಾಗಿರಪಾ" ಅಂದ್ರು. ಎಂಟು ದಿನದಾಗ ಹೊಸ ಫೋನ್ ಬಂತು. ಅವನ ಬೂಟು ಯಾರೂ ಅಟ್ಟಕ್ಕ ಏರಿಸಲಿಲ್ಲ. ಒಂದ ಜಾಗಾ, ಒಂದ ಮನಿ, ಇಬ್ಬರಿಗೂ ಯಾರೋ ಹೊರಗಿನವರಿಂದ ತ್ರಾಸ ಆತು. ಒಬ್ಬಂಗ ಫೋನು ಸಿಕ್ತು, ಒಬ್ಬಾಕಿದು ಬೂಟು ಹೋತು. ಇದಕ್ಕ ಕಾಳಜಿ ಅಂತೀರೇನು? ನಾ ಶಿಕ್ಷಾ ಅಂತೀನಿ. ಶಿಕ್ಷಾ ಕೊಟ್ಟದ್ದು ಮಾತ್ರ ಗಾಡಿಯವಂಗಲ್ಲ.

ನಂಗ ಹೊಟ್ಟಿ ಉರದದ್ದು ಇನ್ನೊಂದಕ್ಕ. ಅರಿಶಿಣ-ಕುಂಕುಮದ ದಿನ ಜನವರಿ ಮೂರನೇ ರವಿವಾರ, ಮುಂಬೈ ಮ್ಯಾರಥಾನಿನ ದಿನ. 2004ರಿಂದ ನಡೀತದ ಅದು, ಈ ಊರಿಗೆ ಅದೂ ಒಂದು ಹಬ್ಬಾನ ಆಗ್ಯದ. ಮುಂಜಾನೆ ಟೀವ್ಯಾಗ ನೋಡಿದ್ದನ್ನ ಎಲ್ಲಾರೂ ಹೊಗಳೋದ ಹೊಗಳೋದು. "ಅರವತ್ತರ ಮುದುಕಿ ಸೀರಿ ಕಚ್ಚಿ ಹಾಕ್ಕೊಂಡು ಓಡಿದ್ಲ ನೋಡ, ಏನ್ ಧೈರ್ಯನs!" ಅಂತ ಚಪ್ಪಾಳೆ. ಬಾಗಲಾ ಸಂದ್ಯಾಗ ನಿಂತು ನಮ್ಮ ಹುಡುಗಿ ಅದನ್ನ ಕೇಳಲಿಕ್ಕೆ ಹತ್ತಿದ್ಲು. ಮಂದಿ ಮನಿ ಮುದುಕಿಗೆ ಚಪ್ಪಾಳೆ, ನಮ್ಮ ಮನಿ ಮಗಳಿಗೆ ಅಟ್ಟ. ಆಕಿ ಮಾರಿ ನೋಡಿ ನಂಗ ಕೈಯಾಗಿನ ಕುಸುರೆಳ್ಳು ಬಾಯಿಗೆ ಹಾಕ್ಕೊಳ್ಳಿಕ್ಕೆ ಆಗಲಿಲ್ಲ.

ಈಗ ನೀವು ಅಂದ ಮಾತಿಗೆ ಒಂದೊಂದಾಗಿ ಬರೋಣ.

ಮೊದಲನೇದು: "ಮನಿಗೆಲಸಾನ ವ್ಯಾಯಾಮ, ಓಡೋದು ಯಾಕ ಬೇಕು?" ಮನಿಗೆಲಸ ಮೈಗೆ ದಣಿವು ಕೊಡ್ತದ, ಖರೆ. ನೆಲಾ ಒರಸೋದು, ನೀರು ಹೊರೋದು ಲೆಕ್ಕಕ್ಕ ಬರ್ತದ ಅಂತನೂ ಒಪ್ಪತೀನಿ. ಆದ್ರ ಒಲಿ ಮುಂದ ಮೂರು ತಾಸು ನಿಂತ್ರ ಕಾಲು ಬಾವು ಬರ್ತಾವ, ಎದಿ ಬಡತ ಏರಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕ ಕಮ್ಮಿ ಅಂದ್ರೂ 150 ನಿಮಿಷ ಜೋರು ನಡಿಗಿಯಂಥಾ ಚಟುವಟಿಕಿ ಬೇಕು, ಇಲ್ಲಾ ಓಟದಂಥಾ ಬಿರುಸಿನದು 75 ನಿಮಿಷ ಬೇಕು ಅಂತದ. ಓಡೋ ಹುಡುಗಿಗೆ ದಿನಕ್ಕ ಹದಿನೈದು ನಿಮಿಷದಂಗ ವಾರದಾಗ ಐದು ದಿನ. ನಮ್ಮ ಮನಿತನದಾಗ ಸಕ್ಕರಿ ರೋಗ ಎಷ್ಟು ಮಂದಿಗೆ ಅದ ಎಣಿಸಿ ನೋಡ್ರಿ, ಆಮ್ಯಾಲ ಬ್ಯಾಡ ಅನ್ರಿ.

ಎರಡನೇದು: "ಹೆಣ್ಣುಮಕ್ಕಳ ಮೈಗೆ ಓಟ ತಡಿಯಂಗಿಲ್ಲ, ಮುಂದ ಮಕ್ಕಳಾಗೋದಕ್ಕ ತೊಂದರಿ." ಈ ಮಾತು ನಮ್ಮಲ್ಲೆ ಹುಟ್ಟಿದ್ದಲ್ಲ, ಅಮೆರಿಕಾದಾಗೂ ಇತ್ತು. 1967ರಾಗ ಬಾಸ್ಟನ್ ಮ್ಯಾರಥಾನಿನ್ಯಾಗ ಕ್ಯಾಥರೀನ್ ಸ್ವಿಟ್ಜರ್ ಅನ್ನಾಕಿ ನಂಬರ್ ಹಚ್ಚಿಕೊಂಡು ಓಡ್ತಿದ್ದಾಗ, ಓಟ ನಡಸೋರಲ್ಲೇ ಒಬ್ಬ ಬಂದು ಆಕಿನ್ನ ಹಿಡದು ಹೊರಗ ಜಗ್ಗಲಿಕ್ಕೆ ನೋಡಿದ. ಆಕಿ ಓಡಿ ಮುಗಿಸಿದ್ಲು. ಆ ಓಟಕ್ಕ ಹೆಣ್ಣುಮಕ್ಕಳನ್ನ ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಾಗ. ಒಲಿಂಪಿಕ್ಸಿನ್ಯಾಗ ಹೆಂಗಸರ ಮ್ಯಾರಥಾನ್ ಬಂದದ್ದು 1984ಕ್ಕ. ಅಂದ್ರ ನನ್ನ ತಲೀಮಾರಿನ ಹೊತ್ತಿಗೆ ಜಗತ್ತು ಆ ಮಾತು ಬಿಟ್ಟಿತ್ತು. ನಾವ ಇನ್ನೂ ಉಪ್ಪಿನಕಾಯಿ ಭರಣಿ ಹಂಗ ಜ್ವಾಪಾನ ಮಾಡಿ ಇಟಗೊಂಡೀವಿ.

ಮೂರನೇದು, ಎಲ್ಲಾಕ್ಕಿಂತ ದೊಡ್ಡದು: "ಕಾಲ ಛಲೋ ಇಲ್ಲ. ಕಾಂಪೌಂಡಿನ್ಯಾಗ ಓಡ್ಲಿ, ಗಚ್ಚಿ ಮ್ಯಾಲ ಓಡ್ಲಿ, ಸಮುದ್ರನ ಯಾಕ?"

ಯಾಕಂದ್ರ ಈ ಊರಾಗ ಓಡ್ಲಿಕ್ಕೆ ಬರೋ ಜಾಗಾ ಅಂದ್ರ ಅದ. ನಮ್ಮ ಬಿಲ್ಡಿಂಗ್ ಕಾಂಪೌಂಡ್ ನೋಡೀರಲ್ಲ, ನಿಂತ ಕಾರಿನ ನಡುವ ಹೊರಸಂಗಿ ಹಾರೋ ಜಾಗಾ ಇಲ್ಲ. ಫುಟ್‌ಪಾತಿನ ಮ್ಯಾಲ ನೂರು ಹೆಜ್ಜಿಗೆ ಒಂದು ತೆಗ್ಗು, ಒಂದು ಅಂಗಡಿ, ಒಂದು ಅಡ್ಡ ರಸ್ತಾ. ಅದ ಮರೀನ್ ಡ್ರೈವ್ ತಗೋರಿ, ನರಿಮನ್ ಪಾಯಿಂಟಿನಿಂದ ಗಿರಗಾಂವ್ ಚೌಪಾಟಿ ಮಟಾ ಸುಮಾರು 3.6 ಕಿಲೋಮೀಟರ್. ಸಮುದ್ರದ ಕಡೆ ಒಂದೂ ಅಡ್ಡ ರಸ್ತಾ ಇಲ್ಲ, ಏರಿಲ್ಲ ಇಳುವಿಲ್ಲ. ಹೋಗಿ ಬಂದ್ರ ಏಳು ಕಿಲೋಮೀಟರ್ ಆತು. ನೆಲಾ ಗಟ್ಟಿ, ಅದಕ್ಕ ಬೂಟು ಛಲೋವು ಇರಬೇಕು ಅಷ್ಟ. ವರ್ಳಿ ದಂಡಿ ಅದ, ಬಾಂದ್ರಾದ ಕಾರ್ಟರ್ ರೋಡ್ ಅದ. ಜುಹೂ ಉಸುಗಿನ್ಯಾಗ ಓಡೋರು ನೀರು ಇಳದಾಗ ಹಸಿ ಉಸುಗಿನ ಮ್ಯಾಲ ಓಡ್ತಾರ, ಒಣಾ ಉಸುಗಿನ್ಯಾಗ ಕಾಲು ಹುಗೀತಾವ. ದಂಡಿ ಒಂದ ಕಡೆ ಇಳಿಜಾರು ಇರೋದ್ರಿಂದ ಹೋದಷ್ಟ ದೂರ ತಿರುಗಿ ಬರಬೇಕು, ಇಲ್ಲಾಂದ್ರ ಒಂದ ಕಾಲಿನ ಮ್ಯಾಲ ಭಾರ ಬೀಳ್ತದ. ಶಿವಾಜಿ ಪಾರ್ಕಿನ ಕಟ್ಟಿ ಸುತ್ತ ಒಂದು ಸುತ್ತು ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಇದೆಲ್ಲಾ ನಂಗ ಪುಸ್ತಕ ಓದಿ ಗೊತ್ತಾದದ್ದಲ್ಲ, ಕಾಲಿಗೆ ಗೊತ್ತಾದದ್ದು.

ಹೌದು, ನಾನೂ ಹೋಗ್ತೀನಿ. ಮೂರು ವರ್ಷ ಆತು. ಇಲ್ಲೀತನಕ ನಿಮಗ ಹೇಳಿಲ್ಲ, ಅದು ನನ್ನ ಹೇಡಿತನ. ಮೊದಲ ಆರು ತಿಂಗಳು ಕೈಯಾಗ ಹಾಲಿನ ಚೀಲಾ ಹಿಡಕೊಂಡು ಹೋಗ್ತಿದ್ದೆ. ಹಾಲು ತರೋದಿತ್ತು ಅಂತಲ್ಲ. ಎದುರಿಗೆ ಯಾರರ ಸಿಕ್ಕು "ಎಲ್ಲಿಗೆ?" ಅಂದ್ರ ಹೇಳಲಿಕ್ಕೆ ಒಂದು ಕಾರಣ ಇರಲಿ ಅಂತ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಅನ್ನೋ ಮೂವರು ಹೆಣ್ಣುಮಕ್ಕಳು 2011ರಾಗ "ವೈ ಲಾಯ್ಟರ್?" ಅಂತ ಒಂದು ಪುಸ್ತಕ ತಂದ್ರು, ಇದ ಮುಂಬೈ ಹೆಂಗಸರ ಬಗ್ಗೆ. ಹೊರಗ ಬಂದ ಹೆಣ್ಣು ಯಾವಾಗಲೂ ಏನೋ ಕೆಲಸಕ್ಕ ಬಂದೀನಿ ಅಂತ ತೋರಿಸಿಕೋಬೇಕಾಗ್ತದ, ಸುಮ್ಮನ ಇರೋ ಹಕ್ಕು ಆಕಿಗೆ ಇಲ್ಲ ಅಂತ ಅವರ ವಾದ. ಅದನ್ನ ಓದಿದಾಗ ನನ್ನ ಹಾಲಿನ ಚೀಲಾ ನೆನಪಾಗಿ ನಗು ಬಂತು, ಅಳೂನೂ ಬಂತು. ಗಂಡಸರು ಕಟ್ಟಿ ಮ್ಯಾಲ ಕಾಲು ಚಾಚಿ ಮಲಗಿರ್ತಾರ, ಅವರಿಗೆ ಯಾವ ಚೀಲಾನೂ ಬೇಕಾಗಿಲ್ಲ.

ಒಂದು ಜಾಗಾ ಹೆಂಗ ಸುರಕ್ಷಿತ ಆಗ್ತದ ಅಂತ ವಿಚಾರ ಮಾಡ್ರಿ. ಅವತ್ತ ನಮ್ಮ ಹುಡುಗಿನ್ನ ಕಾದೋರು ಯಾರು? ಪೊಲೀಸರಲ್ಲ, ಅಪ್ಪ ಅಲ್ಲ, ಅಣ್ಣ ಅಲ್ಲ. ಅಲ್ಲಿ ನಡೀಲಿಕ್ಕೆ ಬಂದಿದ್ದ ಗುರ್ತಿಲ್ಲದ ಇಬ್ಬರು ಹೆಂಗಸರು. ಅವರ ಮನ್ಯಾಗೂ ನಿಮ್ಮಂಗ "ಬ್ಯಾಡ" ಅಂದಿದ್ರ ಆ ಹೊತ್ತಿಗೆ ಆಕಿ ಒಬ್ಬಾಕಿನ ಇರ್ತಿದ್ಲು. ನೀವು ಒಬ್ಬೊಬ್ಬರನ್ನ ಒಳಗ ಕರಕೊಂಡಷ್ಟೂ ಉಳದಾಕಿಗೆ ದಂಡಿ ಖಾಲಿ ಆಕ್ಕೋತ ಹೋಗ್ತದ. ಗಾಡಿಯವಂಗ ಬೇಕಾದದ್ದೂ ಅದ. ನಾವು ಬಾಗಲಾ ಹಾಕ್ಕೊಂಡು ಅವನ ಕೆಲಸ ಮಾಡಿಕೊಡಲಿಕ್ಕೆ ಹತ್ತೀವಿ.

ಹಂಗಂತ ಕಣ್ಣು ಮುಚ್ಚಿಕೊಂಡು ಹೋಗ್ರಿ ಅನ್ನಂಗಿಲ್ಲ. ಇಬ್ಬರಾಗಿ ಹೋಗೋದು, ಬೆಳಕು ಹರದ ಮ್ಯಾಲ ಹೋಗೋದು, ಎರಡೂ ಕಿವ್ಯಾಗ ಹಾಡು ತುಂಬಿಕೊಳ್ಳದ ಇರೋದು, ಯಾವ ದಾರಿ ಅಂತ ಮನ್ಯಾಗ ಹೇಳಿ ಹೋಗೋದು, 112 ಬೆರಳ ತುದ್ಯಾಗ ಇರೋದು. ಮಳಿಗಾಲದಾಗ ಭರತಿ ಇದ್ದಾಗ ದಂಡಿ ಕಡೆ ಹಾಯಬಾರದು, ಕಟ್ಟಿ ದಾಟಿ ಆ ನಾಕು ಕಾಲಿನ ಸಿಮೆಂಟ್ ಕಲ್ಲಿನ ಮ್ಯಾಲ ಎಂದೂ ಇಳೀಬಾರದು, ಪಾಚಿಗೆ ಕಾಲು ಜಾರತಾವ. ಇಷ್ಟು ಕಲಿಸಿದ್ರ ಅದಕ್ಕ ಕಾಳಜಿ ಅಂತೀನಿ. ಬೂಟು ಕಸಗೊಳ್ಳೋದಕ್ಕ ಅನ್ನಂಗಿಲ್ಲ.

ಸಿಟ್ಟು ಮಾಡಲಿಕ್ಕೇ ಬೇಕು ಅಂದ್ರ ಮಾಡಲಿಕ್ಕೆ ಬ್ಯಾರೆ ಜಾಗಾ ಅವ. ಈ ಊರಾಗ ಕಾರು ಓಡ್ಲಿ ಅಂತ ಸಾವಿರಾರು ಕೋಟಿ ಹಾಕಿ ಸಮುದ್ರ ತುಂಬಿಸಿ ಕೋಸ್ಟಲ್ ರೋಡ್ ಮಾಡಿದ್ರು, 2024ರ ಮಾರ್ಚಿನಿಂದ ಕಾರು ಓಡಲಿಕ್ಕೆ ಹತ್ತಿದ್ವು. ಅದರ ಬಾಜೂದ ನಡಿಯೋ ದಾರಿ ಜನರಿಗೆ ಸಿಕ್ಕದ್ದು 2025ರ ಆಗಸ್ಟಿನ್ಯಾಗ. ಮೊದಲ ಕಾರು, ಆಮ್ಯಾಲ ಕಾಲು. ಹೆಂಗಸರಿಗೆ ಪುಕ್ಕಟೆ, ಸ್ವಚ್ಛ ಮುತ್ರಿ ಬೇಕು ಅಂತ ಇದ ಊರಿನ ಹೆಣ್ಣುಮಕ್ಕಳು 2011ರಾಗ "ರೈಟ್ ಟು ಪೀ" ಅಂತ ಚಳುವಳಿ ಹೂಡಬೇಕಾತು. ನಾನಂತೂ ಇವತ್ತಿಗೂ ಹೊರಡೂಕಿಂತ ಮೊದಲ ಎರಡು ತಾಸು ನೀರು ಕುಡಿಯಂಗಿಲ್ಲ. ಓಡೋರಿಗೆ ಇದು ಎಷ್ಟು ಕೆಟ್ಟದ್ದು ಅಂತ ಡಾಕ್ಟರನ ಕೇಳ್ರಿ. ದೀಪಾ, ಮುತ್ರಿ, ರಸ್ತಾ ದಾಟಲಿಕ್ಕೆ ಸಿಗ್ನಲ್: ಇವಕ್ಕ ನಾವು ಅರಿಶಿಣ-ಕುಂಕುಮಕ್ಕ ಸೇರಿದ ಇಪ್ಪತ್ತು ಮಂದಿ ಸಹಿ ಮಾಡಿ ವಾರ್ಡ್ ಆಫೀಸಿಗೆ ಒಂದು ಅರ್ಜಿ ಕೊಡಬಹುದಿತ್ತು. ಅದನ್ನ ಬಿಟ್ಟು ಒಬ್ಬ ಹುಡುಗಿ ಮ್ಯಾಲ ಶೂರತನ ತೋರಿಸಿದ್ವಿ.

ಧಾರವಾಡದಾಗ ಕೂತು ಓದೋ ಅಕ್ಕಾ, ತಂಗಿ, ನಿಮಗೂ ಹೇಳ್ತೀನಿ. ಸಮುದ್ರ ಇಲ್ಲದಿದ್ರ ಕೆಲಗೇರಿ ಕೆರಿ ದಂಡಿ ಅದ, ಹುಬ್ಬಳ್ಳಿಯವರಿಗೆ ಉಣಕಲ್ ಕೆರಿ ಅದ. ನೀರಿನ ದಂಡಿ ಯಾರಪ್ಪಂದೂ ಅಲ್ಲ. ಹೋಗ್ರಿ, ಕೈ ಬೀಸಿಕೊಂಡು ಹೋಗ್ರಿ, ಚೀಲಾ ಮನ್ಯಾಗ ಇಟ್ಟು ಹೋಗ್ರಿ.

ಕಾಕು, ಕಡೀದು ನಿಮಗ. ನೀವು ಹದಿನಾರಕ್ಕ ಮದಿವ್ಯಾಗಿ ಈ ಊರಿಗೆ ಬಂದಾಗ, ಆರು ತಿಂಗಳು ಸಮುದ್ರಾನ ನೋಡಿರಲಿಲ್ಲ ಅಂತ ನೀವ ಹೇಳೀರಿ. ಕಿಡಕ್ಯಾಗ ವಾಸನಿ ಬರ್ತಿತ್ತು, ನೋಡಲಿಕ್ಕೆ ಕರಕೊಂಡು ಹೋಗೋರು ಇರಲಿಲ್ಲ ಅಂತ. ಆ ಮಾತು ಹೇಳುವಾಗ ನಿಮ್ಮ ದನಿ ಹೆಂಗಿತ್ತು ಅಂತ ನಂಗ ನೆನಪದ. ಮೊಮ್ಮಗಳಿಗೂ ಕಿಡಕಿ ವಾಸನೀನ ಉಳಸತೀರೇನು?

ಬರೋ ರವಿವಾರ ಆರೂವರಿಗೆ ನಾ ನಿಮ್ಮ ಬಿಲ್ಡಿಂಗ್ ಗೇಟಿಗೆ ಬಂದು ನಿಂದರತೀನಿ. ಹುಡುಗಿ ಓಡ್ಲಿ, ನಾನು ಹಿಂದ ಹಿಂದ ಬರ್ತೀನಿ, ನೀವು ಕಟ್ಟಿ ಮ್ಯಾಲ ಕೂತು ನೋಡ್ರಿ. ಸ್ಟೂಲ್ ಹಾಕಿ ಅಟ್ಟದ ಮ್ಯಾಲಿನ ಬೂಟು ತಗಸಿ ಇಡ್ರಿ. ನಿಮ್ಮ ಚಪ್ಪಲೂ ಬಾಗಲಾ ಮುಂದ ಇರಲಿ.