ತಾವರೆಯ ನೆಂಟರು

ಮಗಳ ಶಾಲೆಯ ಸ್ವಾತಂತ್ರ್ಯೋತ್ಸವಕ್ಕೆ ಹೋಗಿದ್ದೆ. ‘ನಮ್ಮ ರಾಷ್ಟ್ರೀಯ ಹೂವು’ ಎಂದು ಬರೆದು ಗೋಡೆಗೆ ಅಂಟಿಸಿದ್ದ ಚಿತ್ರ ತಾವರೆಯದಲ್ಲ, ನೈದಿಲೆಯದು! ನೈದಿಲೆ ಬಾಂಗ್ಲಾದೇಶದ ಹೂವು. ಅವರ ರಾಷ್ಟ್ರಲಾಂಛನದಲ್ಲೇ ಇದೆ. ಶ್ರೀಲಂಕಾದ್ದೂ ನೈದಿಲೆಯೇ, ನೀಲಿಯದು. ತಾವರೆ, ನೈದಿಲೆ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ನಮ್ಮ ಹಿರಿಯರಿಗೆ ಕಣ್ಣಿತ್ತು. ನಮಗೆ ಗೂಗಲ್ ಇದೆ.

ಎಲೆ ನೋಡಿದರೆ ಸಾಕು. ನೈದಿಲೆಯದು ನೀರ ಮೇಲೆ ತೇಲುತ್ತದೆ, ಅಂಚಿನಿಂದ ತೊಟ್ಟಿನವರೆಗೆ ಸೀಳಿರುತ್ತದೆ. ತಾವರೆಯದು ಸೀಳಿಲ್ಲದ ತಟ್ಟೆ. ಬಲಿತ ಎಲೆ ನೀರು ಬಿಟ್ಟು ಮೇಲೆದ್ದು ನಿಲ್ಲುತ್ತದೆ.

ಒಂದೇ ಕೆರೆಯಲ್ಲಿದ್ದ ಮಾತ್ರಕ್ಕೆ ಇವು ಅಕ್ಕತಂಗಿಯರಲ್ಲ. ಸಸ್ಯಶಾಸ್ತ್ರಜ್ಞರು ಡಿಎನ್‌ಎ ಕೆದಕಿದಾಗ ತಾವರೆಯ ನೆಂಟಸ್ತಿಕೆ ಸಿಕ್ಕಿದ್ದು ಪ್ರೋಟಿಯಾ ಕುಟುಂಬದ ಜೊತೆ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಹೂವು ಕಿಂಗ್ ಪ್ರೋಟಿಯಾ ಆ ಕುಟುಂಬದ್ದು. ಮೂಡಿಗೆರೆಯ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತಿರುವ ಸಿಲ್ವರ್ ಮರವೂ ಅದೇ ಮನೆತನದ್ದು! ಇಪ್ಪತ್ತು ವರ್ಷ ಅದರ ರೆಂಬೆ ಕಡಿಸಿದ ನನಗೆ ಇದು ಗೊತ್ತಾದದ್ದು ಮೊನ್ನೆ.

ಕಾಡ್ಗಿಚ್ಚಿನಲ್ಲಿ ಸುಟ್ಟರೂ ಕಿಂಗ್ ಪ್ರೋಟಿಯಾ ನೆಲದೊಳಗಿನ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ವರ್ಣಭೇದದ ಕಾಲ ಮುಗಿದಾಗ ದಕ್ಷಿಣ ಆಫ್ರಿಕಾದ ಕ್ರಿಕೆಟ್ ತಂಡ ಸ್ಪ್ರಿಂಗ್‌ಬಾಕ್ ಜಿಂಕೆಯನ್ನು ಬಿಟ್ಟು ಈ ಹೂವನ್ನು ಎದೆಗೆ ಹಾಕಿಕೊಂಡಿತು. ‘ಕೆಸರಲ್ಲಿ ಹುಟ್ಟಿಯೂ ನಿರ್ಮಲ’ ಎನ್ನುವ ನಮ್ಮ ಸವೆದ ಭಾಷಣಕ್ಕಿಂತ ನನಗೆ ಆ ಹೂವಿನ ಕಥೆಯೇ ಹೆಚ್ಚು ಹಿಡಿಸಿತು.

ಮೇಷ್ಟ್ರೇ, ಮುಂದಿನ ಆಗಸ್ಟ್ ಒಳಗೆ ಆ ಚಿತ್ರ ಬದಲಿಸಿ. ಮಕ್ಕಳನ್ನು ಒಮ್ಮೆ ಕೆರೆ ದಂಡೆಗೂ ಕರೆದುಕೊಂಡು ಹೋಗಿ.