ಸಾವಿರಾರು ಪತ್ರಿಕೆ ಬಂದರೂ ಕನ್ನಡ ಸೂಚಿಗೆ ಬರ

ಹೊಸಪೇಟೆ: 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಸಮ್ಮತಿ ನೀಡಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ವಿದ್ವತ್ ಪತ್ರಿಕೆ. ಸರ್ಕಾರಿ ಸಂಸ್ಥೆಗಳ ಗ್ರಂಥಾಲಯ ವಿಜ್ಞಾನ ವಿದ್ಯಾರ್ಥಿಗಳಿಗೆ ಇದು ವರವೇ ಸರಿ. ಆದರೆ ಪ್ರಕಾಶಕರಲ್ಲಿ ಬಹುತೇಕರು ಅಂತರರಾಷ್ಟ್ರೀಯ ಸಂಸ್ಥೆಗಳು. ಹಂಪಿ ಬಜಾರಿನಿಂದ ಅನತಿದೂರದಲ್ಲಿ, 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದ ಸಂಶೋಧಕನಿಗೆ ಬೇಕಾದ ಶಾಸನ, ಹಸ್ತಪ್ರತಿ, ಜಾನಪದದ ಕನ್ನಡ ಬರಹಗಳನ್ನು ಅಲ್ಲಿ ಅರಸುವುದು ವ್ಯರ್ಥ.

ನಿಜವಾದ ತೊಡಕು ಅಕ್ಷರದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಗ್ರಂಥಸೂಚಿಯು ಯೂನಿಕೋಡ್‌ಗೆ ಪರಿವರ್ತನೆಯಾಗದಿದ್ದರೆ ಹುಡುಕಾಟಕ್ಕೆ ದಕ್ಕದು. ಪುಸ್ತಕ ಕಪಾಟಿನಲ್ಲಿರುತ್ತದೆ, ಕಂಪ್ಯೂಟರ್ ಇಲ್ಲವೆನ್ನುತ್ತದೆ! ಉಚಿತವಾಗಿ ದೊರೆಯುವ ಕೋಹಾ, ಇನ್‌ಫ್ಲಿಬ್‌ನೆಟ್ ರೂಪಿಸಿದ ಸೋಲ್ ಎರಡೂ ಯೂನಿಕೋಡ್ ಬಲ್ಲವು. ಪರಿವರ್ತಕಗಳೂ ಇವೆ. ಆದರೆ ಅರ್ಕಾವೊತ್ತು ತಪ್ಪಿದ ಹೆಸರುಗಳನ್ನು, ಒಬ್ಬನೇ ಲೇಖಕನ ಮೂರು ಬಗೆಯ ಕಾಗುಣಿತವನ್ನು ಯಂತ್ರ ತಿದ್ದದು. ಕನ್ನಡ ಬಲ್ಲ ಕಣ್ಣೇ ಬೇಕು.

ಆ ಕಣ್ಣುಗಳು ಧಾರವಾಡ, ಮೈಸೂರು, ಕಲಬುರಗಿಯ ಗ್ರಂಥಾಲಯ ವಿಜ್ಞಾನ ವಿಭಾಗಗಳಲ್ಲಿವೆ. ರಂಗನಾಥನ್ 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ದೂ ಬೆಂಗಳೂರಿನಲ್ಲೇ. ವಿದ್ಯಾರ್ಥಿಗಳ ಪ್ರಾಯೋಗಿಕ ತರಬೇತಿಯನ್ನು ಈ ತಿದ್ದುಪಡಿಗೆ ಜೋಡಿಸಲು ಬೇಕಾದದ್ದು ಕೋಟಿಗಳಲ್ಲ. ಊಟ, ವಸತಿ, ಒಂದಿಷ್ಟು ಭತ್ಯೆ ಹಾಗೂ ವಿಶ್ವವಿದ್ಯಾಲಯಗಳ ನಡುವೆ ಒಂದು ಒಡಂಬಡಿಕೆ.